ಸೋಮವಾರದ ಖಾಲಿ ಗಾಡಿ

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮರುವರ್ಷ ನಾನು ಧಾರವಾಡದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಸವದತ್ತಿಯ ಒಂದು ಸಣ್ಣ ಮಹಿಳಾ ಸಂಸ್ಥೆಯ ಜೊತೆ ನಾನು ಕೆಲಸ ಮಾಡಿದ್ದು ಆಗಲೇ. ಅದು ಯಾವ ಹಂಗಾಮು ಎಂಬುದರಲ್ಲೇ ಈಗ ಜಗಳವಿದೆ. ಹೊಲದಲ್ಲಿ ಕಡಲೆ ಇತ್ತು ಎಂದು ನನ್ನ ನೆನಪು. ಹತ್ತಿ ಇತ್ತು ಎಂದು ಉಗರಗೋಳದ ಕೂಲಿ ಹೆಂಗಸು ಗಂಗವ್ವ ಹೇಳುತ್ತಾಳೆ. ಕಸ, ಅಂದರೆ ಕಳೆ, ತೆಗೆಯುವ ಕೆಲಸ ನಡೆದಿತ್ತು ಎಂಬಷ್ಟರ ಮಟ್ಟಿಗೆ ಇಬ್ಬರಿಗೂ ಒಪ್ಪಿಗೆ. ನನ್ನ ನೆನಪನ್ನು ನಾನು ಒಬ್ಬ ಸಾಕ್ಷಿ ಎಂದಷ್ಟೇ ಇಟ್ಟುಕೊಂಡಿದ್ದೇನೆ, ಅದೂ ಪಾಟೀಸವಾಲಿಗೆ ನಿಲ್ಲದ ಸಾಕ್ಷಿ. ಓದುವವರು ಹಾಗೆಯೇ ತೆಗೆದುಕೊಳ್ಳಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇಂಥ ಸಂಸ್ಥೆಗಳನ್ನು ನಂಬುವವನಲ್ಲ. ಬ್ಯಾನರ್ ಕಟ್ಟಿ, ಹಾರ ಹಾಕಿ, ಫೋಟೋ ತೆಗೆಸಿ, ಕೊನೆಗೆ 'ಅಧ್ಯಯನದಿಂದ ತಿಳಿದುಬಂದಿದೆ' ಎಂದು ಒಂದು ಸಾಲು ಬರೆಯಲು ಅವರಿಗೆ ವಿಶ್ವವಿದ್ಯಾಲಯದ ಠಸ್ಸೆ ಬೇಕಾಗುತ್ತದೆ. ವಿಶ್ವವಿದ್ಯಾಲಯಗಳನ್ನೂ ನಾನು ನಂಬುವವನಲ್ಲ. ಸಮಾಜದ ಜೊತೆ ಕೆಲಸ ಮಾಡಿದ್ದೇವೆ ಎಂದು ವರ್ಷದ ವರದಿಯಲ್ಲಿ ತೋರಿಸಲು ನಮಗೂ ಒಂದು ಸಂಸ್ಥೆ ಬೇಕಾಗಿತ್ತು. ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಬಳಸಿಕೊಳ್ಳುವ ಉದ್ದೇಶದಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿದೆವು. ಅದಕ್ಕೆ 'ಸಂಶೋಧನಾ ಸಹಭಾಗಿತ್ವ' ಎಂದು ಹೆಸರು. ವಿಭಾಗದಲ್ಲಿ ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ ನನ್ನನ್ನು ಕಳಿಸಿದರು.

ವಿಷಯ ಇಷ್ಟು. ಉಗರಗೋಳ ಮತ್ತು ಅದರ ಆಸುಪಾಸಿನ ಹಳ್ಳಿಗಳಿಂದ ಹೆಂಗಸರು ಬೆಳಗಾಗುವಾಗಲೇ ಬೈಲಹೊಂಗಲ ದಾರಿಯ ಕರಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಅಷ್ಟು ಮುಂಜಾನೆ ಬಸ್ಸಿರಲಿಲ್ಲ. ಬಸ್ಸು ಬರುವ ಹೊತ್ತಿಗೆ ಹೊಲದಲ್ಲಿ ಕೆಲಸ ಅರ್ಧ ಆಗಿರುತ್ತಿತ್ತು, ತಡವಾಗಿ ಬಂದವರನ್ನು ಒಡೆಯರು ತಿರುಗಿ ಕಳಿಸುತ್ತಿದ್ದರು. ಹಾಗಾಗಿ ಎಲ್ಲರೂ ಸಾಮಾನು ಸಾಗಿಸುವ ಟೆಂಪೋದಲ್ಲಿ ನಿಂತು ಹೋಗುತ್ತಿದ್ದರು. ಟಿಕೆಟ್ಟಿಲ್ಲದ ಬಸ್ಸು ಕಣ್ಣೆದುರಿಗೇ ಓಡಾಡುತ್ತಿತ್ತು, ಇವರು ಮಾತ್ರ ರೊಕ್ಕ ಕೊಟ್ಟು ಟೆಂಪೋ ಹತ್ತಬೇಕು. ಒಂದು ದಿನ ಆ ಟೆಂಪೋ ತಿರುವಿನಲ್ಲಿ ಮಗುಚಿತು. ಯಾರೂ ಸಾಯಲಿಲ್ಲ. ಗಂಗವ್ವನ ಹೆಗಲ ಎಲುಬು ಮುರಿಯಿತು. ಹೆಂಗಸರನ್ನು ಗುಂಪು ಕಟ್ಟಿ ಕೂಲಿಗೆ ಕರೆದೊಯ್ಯುತ್ತಿದ್ದವಳು ಅವಳೇ.

ಸಂಸ್ಥೆಯ ಮುಖ್ಯಸ್ಥೆ ಸುಮಂಗಲಕ್ಕ ತಹಶೀಲ್ದಾರರಿಗೆ ಮನವಿ ಕೊಟ್ಟರು. ಟೆಂಪೋ ನಿಲ್ಲಿಸಿ, ಬಸ್ಸು ಬಿಡಿ ಎಂದು ಅದರಲ್ಲಿ ಬರೆದಿದ್ದರು. ಸರ್ಕಾರ ಮೊದಲ ಅರ್ಧವನ್ನು ಕೂಡಲೇ ಮಾಡಿತು. ಟೆಂಪೋದಲ್ಲಿ ಜನರನ್ನು ಹತ್ತಿಸಿದರೆ ಗಾಡಿ ಜಪ್ತಿ ಎಂದು ಪೊಲೀಸರು ಹೇಳಿದರು. ಎರಡನೆಯ ಅರ್ಧಕ್ಕೆ ಸಾರಿಗೆಯವರು 'ಬೇಡಿಕೆ ಇಲ್ಲ' ಎಂದು ಉತ್ತರ ಕಳಿಸಿದರು. ಆಗ ಟೆಂಪೋನೂ ಇಲ್ಲ, ಬಸ್ಸೂ ಇಲ್ಲ. ಕಸ ತೆಗೆಯುವ ಹಂಗಾಮಿನಲ್ಲಿ ಹೆಂಗಸರು ಮನೆಯಲ್ಲಿ ಕೂತರು. ಆ ಹಂಗಾಮು ಹೋದರೆ ಮುಂದಿನ ಸುಗ್ಗಿಯ ರಾಶಿಯವರೆಗೆ ಕೂಲಿ ಇಲ್ಲ. ಬಸ್ಸು ಅಷ್ಟರೊಳಗೆ ಬರಬೇಕಿತ್ತು.

ಸವದತ್ತಿಯ ಕಚೇರಿಯಲ್ಲಿ ಸುಮಂಗಲಕ್ಕ ನನ್ನ ಮುಂದೆ ಒಂದು ಎಣಿಕೆ ಇಟ್ಟರು. ಉಗರಗೋಳದ ಸ್ಟಾಪಿನಲ್ಲಿ ಬೆಳಿಗ್ಗೆ ನಿಂತಿದ್ದ ಹೆಂಗಸರ ಸಂಖ್ಯೆ ಅದು, ತುಂಬ ದೊಡ್ಡದಿತ್ತು. ಯಾವ ವಾರ ಎಣಿಸಿದಿರಿ ಎಂದು ಕೇಳಿದೆ.

"ಮಂಗಳವಾರ."

ನಾನು ಆ ಹಾಳೆಯನ್ನು ವಾಪಸು ಅವರ ಕಡೆಗೆ ಸರಿಸಿದೆ. ಉಗರಗೋಳ ಯಲ್ಲಮ್ಮನ ಗುಡ್ಡದ ಕೆಳಗಿನ ಊರು, ಮಂಗಳವಾರ ದೇವಿಯ ವಾರ. ಅವತ್ತು ಆ ಸ್ಟಾಪಿನಲ್ಲಿ ನಿಂತವರಲ್ಲಿ ಯಾರು ಕೂಲಿಗೆ ಹೊರಟವರು, ಯಾರು ದರ್ಶನ ಮುಗಿಸಿ ಊರಿಗೆ ಹೊರಟವರು ಎಂದು ಹೇಗೆ ತಿಳಿಯಬೇಕು? ಇದನ್ನು ನಾನು ಸ್ವಲ್ಪ ಒರಟಾಗಿಯೇ ಹೇಳಿದೆ ಅನ್ನಿಸುತ್ತದೆ.

"ನೀವು ಎಣಿಸಿದ್ದು ಕೂಲಿಯವರನ್ನಲ್ಲ, ಭಕ್ತರನ್ನ," ಅಂದೆ.

"ಭಕ್ತರು ಹೆಂಗಸರಲ್ಲೇನ್ರಿ?"

"ಅವರಿಗೆ ಮುಂಜಾನೆ ಬಸ್ ಬೇಕಂತ ನೀವು ಕೇಳಾಕತ್ತಿಲ್ಲಲ್ಲ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಸುಮಂಗಲಕ್ಕ ರಾಮದುರ್ಗದ ಕಡೆಯ ನೇಕಾರರ ಮಗಳು. ಎತ್ತರದ ಆಳು, ದಪ್ಪ ಕನ್ನಡಕ, ಮಾತಿನಲ್ಲಿ ಉಪ್ಪು ಖಾರ ಎರಡೂ ಜಾಸ್ತಿ. "ನಾವು ನಿಮ್ಮನ್ನ ಕರದದ್ದು ಕೈ ಜೋಡಿಸ್ರಿ ಅಂತ. ಕೈ ಹಿಡದು ತಡೀರಿ ಅಂತಲ್ಲ," ಅಂದರು. ಅಲ್ಲಿಂದ ಮುಂದೆ ನಮ್ಮ ಸಹಭಾಗಿತ್ವ ಹೀಗೇ ನಡೆಯಿತು.

ಮರುದಿನ ಸಾರಿಗೆ ಅಧಿಕಾರಿಯನ್ನು ಕಂಡೆವು. ಹೊಸ ಬಸ್ಸಿನ ವೇಳಾಪಟ್ಟಿಗೆ ಅವರು ಷೆಡ್ಯೂಲ್ ಅನ್ನುತ್ತಾರೆ. ಒಂದು ಷೆಡ್ಯೂಲ್ ಮಂಜೂರಾಗಬೇಕಾದರೆ ಮೊದಲು ಟ್ರಾಫಿಕ್ ಸರ್ವೆ, ಅಂದರೆ ಸ್ಟಾಪಿನಲ್ಲಿ ನಿಂತವರ ತಲೆ ಎಣಿಕೆ ಆಗಬೇಕು. ಅಧಿಕಾರಿ ಮೈಸೂರು ಕಡೆಯವರು, ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ನಮ್ಮನ್ನು ಕೂರಿ ಎನ್ನಲಿಲ್ಲ.

"ನಾವೂ ಎಣಿಸಿದೀವಿ ಮೇಡಂ. ಸ್ಟಾಪಲ್ಲಿ ಒಂದು ನಾಯಿ ಬಿಟ್ರೆ ಯಾರೂ ಇರ್ಲಿಲ್ಲ. ನಾಯಿಗೆ ಬಸ್ ಬಿಡೋಕಾಗುತ್ತಾ?"

"ಗಾಡಿನ ಇಲ್ದಲ್ಲಿ ಯಾರು ಬಂದು ನಿಂದರತಾರ್ರಿ?" ಎಂದು ಸುಮಂಗಲಕ್ಕ ಕೇಳಿದರು.

"ನಿಂತವರಿಲ್ಲ ಅಂದ್ರೆ ಬೇಡಿಕೆ ಇಲ್ಲ ಅಂತ ಅರ್ಥ," ಎಂದು ಅವರು ಫೋನ್ ಎತ್ತಿಕೊಂಡರು.

ಹೊರಗೆ ಬಂದಾಗ ನನಗೆ ಅಧಿಕಾರಿಯ ಮೇಲೆ ಬಂದ ಸಿಟ್ಟಿಗಿಂತ ಅವರ ತರ್ಕದ ಮೇಲೆ ಬಂದ ಆಸಕ್ತಿ ಹೆಚ್ಚಿತ್ತು. ಇಲ್ಲದ ಬಸ್ಸಿಗೆ ಕಾಯುವವರನ್ನು ಎಣಿಸುವುದು ಹೇಗೆ? ನಮ್ಮ ಶಾಸ್ತ್ರದಲ್ಲಿ ಇದು ಹಳೆಯ ತೊಡಕು. ಸೇತುವೆ ಬೇಕೋ ಬೇಡವೋ ಎಂದು ತಿಳಿಯಲು ಹೊಳೆ ಈಜುವವರನ್ನು ಎಣಿಸಿದಂತೆ ಅದು. ಸುಮಂಗಲಕ್ಕನಿಗೆ ಒಂದು ಉಪಾಯ ಹೊಳೆಯಿತು. ಸಂಘದ ಹೆಂಗಸರನ್ನೆಲ್ಲ ದಿನಾ ಬೆಳಿಗ್ಗೆ ಸ್ಟಾಪಿಗೆ ಕರೆತಂದು ನಿಲ್ಲಿಸುವುದು. ಅದು ಎಣಿಕೆಯಲ್ಲ, ಧರಣಿ ಎಂದು ನಾನಂದೆ. ಧರಣಿಯಿಂದ ಎಷ್ಟೋ ಕೆಲಸ ಆಗಿದಾವು, ಸಂಖ್ಯಾಶಾಸ್ತ್ರದಿಂದ ಏನಾಗೇತಿ ಹೇಳ್ರಿ ಎಂದು ಅವರಂದರು.

ಕೊನೆಗೆ ಹಠ ಬಿಟ್ಟು ಇಬ್ಬರೂ ಸೇರಿ ಒಂದು ದಾರಿ ಹುಡುಕಿದೆವು. ಎರಡು ವಾರ ನಾವೇ ಒಂದು ಗಾಡಿ ಓಡಿಸುವುದು. ಬಸ್ಸು ಹೊರಡಬೇಕಾದ ಹೊತ್ತಿಗೇ, ಅದೇ ದಾರಿಯಲ್ಲಿ, ವಾರದ ಎಲ್ಲ ದಿನ. ಯಾರು ಹತ್ತುತ್ತಾರೋ ಅವರನ್ನು ಎಣಿಸುವುದು. ಖಾಸಗಿ ಶಾಲೆಯೊಂದರ ಹಳದಿ ಬಸ್ಸು ಶಾಲೆ ಶುರುವಾಗುವವರೆಗೆ ಸುಮ್ಮನೆ ನಿಂತಿರುತ್ತಿತ್ತು. ಸಂಸ್ಥೆಯ ಹೆಸರಿನಲ್ಲಿ ಕೇಳಿದ್ದರೆ ತಾತ್ಕಾಲಿಕ ಪರವಾನಗಿ ಸಿಗುತ್ತಿರಲಿಲ್ಲ, ವಿಶ್ವವಿದ್ಯಾಲಯದ ಪ್ರಯೋಗ ಎಂದಾಗ ಸಿಕ್ಕಿತು. ವಿಶ್ವವಿದ್ಯಾಲಯದ ಹೆಸರಿನಲ್ಲಿ ಕರೆದಿದ್ದರೆ ಒಬ್ಬ ಹೆಂಗಸೂ ಬರುತ್ತಿರಲಿಲ್ಲ. ಅದಕ್ಕೆ ಸುಮಂಗಲಕ್ಕ ಬೇಕಾಯಿತು. ಅವರು ಕರೆದರೂ ಸುಲಭವಾಗಿ ಬರಲಿಲ್ಲ ಎಂಬುದು ಬೇರೆ ಮಾತು.

ಉಗರಗೋಳದಲ್ಲಿ ಗಂಗವ್ವನ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಅವಳ ತೋಳು ಇನ್ನೂ ಬಟ್ಟೆಯ ಜೋಳಿಗೆಯಲ್ಲಿ ಇಳಿಬಿದ್ದಿತ್ತು. ಸುತ್ತ ನಿಂತ ಹೆಂಗಸರ ಮುಖದಲ್ಲಿ ಸ್ವಾಗತ ಇರಲಿಲ್ಲ.

"ಎಲುಬು ಮುರದದ್ದು ನಂದು. ನಾ ಏನರ ತಕರಾರು ಮಾಡಿದ್ನೇನ?" ಎಂದಳು ಗಂಗವ್ವ. "ನೀವು ಅರ್ಜಿ ಕೊಟ್ರಿ, ಗಾಡಿ ನಿಂತು. ನಮ್ಮ ಸಲುವಾಗಿ ಹೋರಾಟ ಮಾಡಾಕ ನಿಮಗ ಯಾರ ಹೇಳಿದ್ರು?"

"ಮತ್ತೊಮ್ಮೆ ಬಿದ್ದು ಸತ್ರ ಏನ ಮಾಡ್ತಿದ್ದಿ ಗಂಗವ್ವ?" ಅಂದರು ಸುಮಂಗಲಕ್ಕ.

"ಸತ್ತಿದ್ರ ಒಬ್ಬಾಕಿ ಸಾಯ್ತಿದ್ದೆ. ಈಗ ಇಷ್ಟು ಮಂದಿ ಕುಂತೀವಿ."

ಹಿಂದಿನಿಂದ ಒಬ್ಬಳು ಕೂಗಿದಳು, "ಈ ಸರ ಯಾರು? ಇವರೂ ಬಂದ್ ಮಾಡಾವರೇನು?"

ಎಲ್ಲರೂ ನಕ್ಕರು. ಅದು ಸ್ನೇಹದ ನಗುವಾಗಿರಲಿಲ್ಲ. ಆದರೂ ಎರಡು ವಾರ ಗಾಡಿ ಸಿಗುತ್ತದೆ, ಎರಡು ವಾರದ ಕೂಲಿ ಸಿಗುತ್ತದೆ ಎಂಬ ಕಾರಣಕ್ಕೆ ಗಂಗವ್ವ ಒಪ್ಪಿದಳು. ಪ್ರಯೋಗದ ಉದ್ದೇಶ ವಿವರಿಸಲು ನಾನು ಬಾಯಿ ತೆರೆದೆ. "ಅದೆಲ್ಲ ಬ್ಯಾಡ್ರಿ, ಗಾಡಿ ಎಷ್ಟೊತ್ತಿಗೆ ಬರತೈತಿ ಅಷ್ಟ ಹೇಳ್ರಿ," ಅಂದಳು.

ಗಾಡಿ ಓಡಿಸಲು ಮಕ್ತುಂಸಾಬನನ್ನು ಕರೆಯಬೇಕೆಂದು ಸುಮಂಗಲಕ್ಕ ಹೇಳಿದಾಗ ನಾನು ವಿರೋಧಿಸಿದೆ. ಮಗುಚಿದ ಟೆಂಪೋ ಅವನದೇ. ದೊಡ್ಡ ಗಾಡಿಯ ಲೈಸೆನ್ಸ್ ಅವನ ಬಳಿ ಇತ್ತು ನಿಜ, ಆದರೆ ಪ್ರಯೋಗ ಯಶಸ್ವಿಯಾದರೆ ಅವನ ಹೊಟ್ಟೆಯ ಮೇಲೆ ಏಟು. ಅಂಥವನ ಕೈಗೆ ಪ್ರಯೋಗ ಕೊಡುವುದೇ? "ಅವನ ಗಾಡಿ ನಿಲ್ಲಿಸಿದವರು ನಾವು. ಎರಡು ವಾರದ ಪಗಾರನಾದರೂ ನಮ್ಮ ಕೈಲೆ ಅವಂಗ ಮುಟ್ಟಲಿ," ಎಂದರು ಅವರು. ಮಕ್ತುಂಸಾಬ ಬಂದ. ನನಗೆ ಸಲಾಂ ಹೊಡೆಯಲಿಲ್ಲ, ಸುಮಂಗಲಕ್ಕನ ಮುಖ ನೋಡಲಿಲ್ಲ. ಕೀಲಿ ತೆಗೆದುಕೊಂಡು, "ನನ್ನ ಗೋರಿ ನನ್ನ ಕೈಲೆನ ತೋಡಸಾಕತ್ತೀರಿ. ನಡೀರಿ," ಅಂದ.

ಎಣಿಕೆಗೆ ನಾನು ಒಂದೇ ನಿಯಮ ಇಟ್ಟಿದ್ದೆ. ಕಸ ತೆಗೆಯುವ ಕುರಪಿ ಮತ್ತು ಬುತ್ತಿಯ ಗಂಟು, ಎರಡೂ ಕೈಯಲ್ಲಿದ್ದವರು ಮಾತ್ರ ಲೆಕ್ಕಕ್ಕೆ. ಗುಡ್ಡದಿಂದ ಇಳಿದು ಬಂದವರು ಹತ್ತಿದರೆ ಹತ್ತಲಿ, ಎಣಿಕೆಗೆ ಬೇಡ. ಮೊದಲ ಕೆಲವು ದಿನ ಚೆನ್ನಾಗಿ ನಡೆಯಿತು. ಗಾಡಿ ತುಂಬಿ ಹೋಗುತ್ತಿತ್ತು. ಗಂಗವ್ವ ಹೊಲಕ್ಕೆ ಹೋಗಲಾರದವಳು, ಸ್ಟಾಪಿಗೆ ಬಂದು ನಿಂತು ಯಾರು ಬಂದರು ಯಾರು ಬರಲಿಲ್ಲ ಎಂದು ಬೈಯುತ್ತಿದ್ದಳು. ಆಮೇಲೆ ಸೋಮವಾರ ಬಂತು.

ಈ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಹೂಡದ ದಿನ ಒಡೆಯರು ಆಳುಗಳನ್ನೂ ಕರೆಯುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಬಹಳ ಕಡೆ ಅದು ಹಾಗೇ ಉಳಿದಿದೆ. ಹೆಂಗಸರ ಸಂಘದ ಸಭೆ, ತಲೆಗೆ ಎರೆದುಕೊಳ್ಳುವುದು, ಹಾಸಿಗೆ ಹೊದಿಕೆ ಒಗೆಯುವುದು, ಎಲ್ಲವೂ ಅವತ್ತೇ. ಸೋಮವಾರವೂ ಗಾಡಿ ಓಡಬೇಕು ಎಂದು ನಾನು ಹೇಳಿದಾಗ ಎಲ್ಲರೂ ನಗೆಯಾಡಿದ್ದರು. ವಾರದ ಎಲ್ಲ ದಿನ ಎಂದರೆ ಎಲ್ಲ ದಿನ. ಯಾರೂ ಬರದಿದ್ದರೆ ಸೊನ್ನೆ ಎಂದು ಬರೆದುಕೊಳ್ಳೋಣ ಎಂದಿದ್ದೆ. ಅದರ ಹಿಂದೆ ದೊಡ್ಡ ಯೋಚನೆಯೇನೂ ಇರಲಿಲ್ಲ, ವೃತ್ತಿಯ ಚಟ ಅಷ್ಟೇ. "ಖಾಲಿ ಗಾಡಿ ಓಡಸೂದಕ್ಕ ಯೂನಿವರ್ಸಿಟಿ ಬೇಕೇನ್ರಿ ಸಾಹೇಬ್ರ?" ಎಂದು ಮಕ್ತುಂಸಾಬ ಕೇಳಿದ್ದ. ಅವನು ನನ್ನ ಜೊತೆ ತಾನಾಗಿ ಆಡಿದ ಮೊದಲ ಮಾತು ಅದು.

ಆದರೆ ಆ ಸೋಮವಾರ ಸ್ಟಾಪಿನಲ್ಲಿ ಹೆಂಗಸರು ತುಂಬಿ ನಿಂತಿದ್ದರು. ನನಗೆ ಗಾಬರಿಯಾಯಿತು. ಹತ್ತಿರ ಹೋಗಿ ನೋಡಿದರೆ ಎಲ್ಲರ ತಲೆಗೂದಲು ಒದ್ದೆ, ಕೆಲವರು ಇಳಕಲ್ ಸೀರೆ ಉಟ್ಟಿದ್ದರು. ಯಾರ ಕೈಯಲ್ಲೂ ಕುರಪಿ ಇಲ್ಲ, ಬುತ್ತಿ ಇಲ್ಲ.

"ಎಲ್ಲಿ ಹೊಂಟೀರಿ?" ಎಂದು ಕೇಳಿದೆ.

"ನೀವು ಒಯ್ದ ಕಡೆ," ಎಂದಳು ಒಬ್ಬಳು. ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು.

"ಇವತ್ತು ಕೂಲಿ ಐತೇನು?"

"ಇಲ್ರಿ. ಅಕ್ಕಾರ ಹೇಳಿದ್ರು, ಗಾಡಿ ಖಾಲಿ ಹೋಗಬಾರದು, ಬಂದು ಹತ್ತ್ರಿ ಅಂತ. ಒಂದು ಸುತ್ತ ಹೊಡದು ಬರತೇವಿ."

ನಾನು ಎಲ್ಲರೂ ಹಿಂದೆ ಸರಿಯಿರಿ ಎಂದೆ. ಆಗಲೇ ಹತ್ತಿ ಕೂತಿದ್ದವರನ್ನು ಇಳಿಯಿರಿ ಎಂದೆ. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು, "ಹತ್ತಬ್ಯಾಡ್ರಿ ಅಂತ ಪೊಲೀಸರು, ಹತ್ತ್ರಿ ಅಂತ ಅಕ್ಕಾರು, ಇಳೀರಿ ಅಂತ ನೀವು. ನಾವೇನು ಹೇರಿ ಇಳಸೂ ಚೀಲೇನು?" ಎಂದಳು. ಅಷ್ಟರಲ್ಲಿ ಸುಮಂಗಲಕ್ಕ ಸ್ಕೂಟರಿನ ಮೇಲೆ ಬಂದು, ಇವರನ್ನೂ ಎಣಿಕೆಗೆ ಹಿಡಿಯಿರಿ ಎಂದರು. ಮುಂದಿನ ಜಗಳವನ್ನು ಇಡೀ ಸ್ಟಾಪು ನೋಡಿತು.

"ಇದು ಸುಳ್ಳು ಎಣಿಕೆ," ಎಂದೆ.

"ಸುಳ್ಳಲ್ಲ. ಬಸ್ ಬೇಕಾದವರು ಬಂದು ನಿಂತಾರ."

"ಕೂಲಿ ಇಲ್ಲದ ದಿನ ಕೂಲಿ ಬಸ್ ಹತ್ತತಾರೇನು?"

"ಸರ, ನೀವು ನಮ್ಮ ಕಡೀನೋ, ಅವರ ಕಡೀನೋ?"

"ಯಾರ ಕಡೀನೂ ಅಲ್ಲ."

"ಹಂಗಾದ್ರ ನಡೀರಿ ಧಾರವಾಡಕ್ಕ! ಯಾರ ಕಡೀನೂ ಅಲ್ಲದವರು ಈ ಮಂದಿ ನಡುವ ಯಾಕ ನಿಂತೀರಿ?"

ಆ ಮಾತು ನನಗೆ ನಾಟಿತು. ಹೊರಟುಬಿಡೋಣ ಎನ್ನಿಸಿತು. ಚೀಲ ಹೆಗಲಿಗೆ ಹಾಕಿಕೊಂಡೆ ಎಂದು ನನ್ನ ನೆನಪು ಹೇಳುತ್ತದೆ. ಚೀಲ ಇರಲೇ ಇಲ್ಲ, ಕೈಯಲ್ಲಿ ಛತ್ರಿ ಇತ್ತು ಎಂದು ಮಕ್ತುಂಸಾಬ ಹೇಳುತ್ತಾನೆ. ಏನೇ ಇರಲಿ, ನಮ್ಮಿಬ್ಬರನ್ನು ಬಿಡಿಸಿದವಳು ಗಂಗವ್ವ. ಅವಳಿಗೆ ತತ್ವದ ಗೋಜಿರಲಿಲ್ಲ. ಉಳಿದ ಒಂದು ವಾರ ಗಾಡಿ ನಿಲ್ಲಬಾರದು, ಅಷ್ಟೇ. "ಇಳೀರೇ ಎಲ್ಲಾರೂ. ಮನಿಗೆ ನಡೀರಿ. ಇವರಿಬ್ಬರೂ ಕಚ್ಚಾಡಿ ನಾಳಿನ ಗಾಡಿ ಕಳದಾರು," ಎಂದು ಹೆಂಗಸರನ್ನು ಓಡಿಸಿದಳು. ಮಕ್ತುಂಸಾಬ ಖಾಲಿ ಬಸ್ಸನ್ನು ಬೇಕಂತಲೇ ಜೋರಾಗಿ ಹಾರ್ನ್ ಹೊಡೆಯುತ್ತ ಓಡಿಸಿಕೊಂಡು ಹೋದ. ಮುಂದಿನ ಸೋಮವಾರವೂ ಬಸ್ಸು ಖಾಲಿಯಾಗಿಯೇ ಹೋಗಿ ಬಂತು. ಎರಡೂ ದಿನಕ್ಕೆ ಸೊನ್ನೆ ಎಂದು ಬರೆದುಕೊಂಡೆ.

ವರದಿ ಬರೆಯುವಾಗ ಮತ್ತೆ ಜಗಳ. ಸೋಮವಾರವನ್ನು ತೆಗೆಯಿರಿ ಎಂದು ಸುಮಂಗಲಕ್ಕ ಪಟ್ಟು ಹಿಡಿದರು. "ಆ ಸೊನ್ನಿ ತೋರಿಸಿದ್ರ ಅವರು ಅದನ್ನ ಹಿಡಕೊಂಡು ಕುಂದರತಾರ. ಉಳದ ದಿನ ಯಾರ ನೋಡತಾರ?" ಎಂದರು. ತೆಗೆದರೆ ನನ್ನ ಸಹಿ ಇಲ್ಲ ಎಂದೆ. ಅವರು ಅದನ್ನು ಬಿಟ್ಟುಕೊಟ್ಟರು. ಆದರೆ ನನ್ನ ಬರವಣಿಗೆಗೆ ಕೈ ಹಾಕಿದರು. ನಾನು ಕೊನೆಗೆ, ಇದು ಸಣ್ಣ ಪ್ರಯೋಗ, ಹೆಚ್ಚಿನ ಸಂಶೋಧನೆ ಅಗತ್ಯ ಎಂದು ಬರೆದಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ಬರೆಯುತ್ತಾರೆ.

"ಇದು ಯಾರ ಸಲುವಾಗಿ?" ಎಂದು ಕೇಳಿದರು.

"ಪ್ರಾಮಾಣಿಕತೆಯ ಸಲುವಾಗಿ."

"ಹೆಚ್ಚಿನ ಸಂಶೋಧನೆ ಬೇಕು ಅಂತ ನೀವು ಬರದ್ರ ಅವರು ಹೆಚ್ಚಿನ ಸಂಶೋಧನೆನ ಮಂಜೂರು ಮಾಡತಾರ, ಬಸ್ ಅಲ್ಲ. ಈ ಎರಡು ವಾರದಾಗ ನಿಮಗ ಏನು ಗೊತ್ತಾಗೇತಿ, ಅಷ್ಟ ಬರೀರಿ. ಗೊತ್ತಾಗಲಾರದ್ದನ್ನ ಅವರ ಕೈಯಾಗ ಯಾಕ ಕೊಡತೀರಿ?"

ಆಮೇಲೆ ಅವರು ನಾನು ಯಾವತ್ತೂ ಕೇಳಿಕೊಳ್ಳದ ಒಂದು ಪ್ರಶ್ನೆ ಕೇಳಿದರು. ಈ ವರದಿ ಯಾರ ಟೇಬಲ್ಲಿಗೆ ಹೋಗಬೇಕು? ಯಾರ ಸಹಿಯಿಂದ ಬಸ್ಸು ಹೊರಡುತ್ತದೆ? ನನ್ನ ಇಡೀ ವೃತ್ತಿಯಲ್ಲಿ ನಾನು ಬರೆದದ್ದೆಲ್ಲ ನನ್ನಂಥವರ ಟೇಬಲ್ಲಿಗೇ ಹೋಗಿತ್ತು. ಅವರಿಗೆ ಯಾವ ಕಚೇರಿಯಲ್ಲಿ ಯಾವ ಗುಮಾಸ್ತರ ಕೈ ದಾಟಿ ಕಾಗದ ಮೇಲೆ ಹೋಗುತ್ತದೆ ಎಂಬುದು ಗೊತ್ತಿತ್ತು. ನನ್ನ ನಲವತ್ತು ಪುಟವನ್ನು ಎರಡು ಪುಟಕ್ಕೆ ಇಳಿಸಿದರು. ಆ ಎರಡು ಪುಟದಲ್ಲೂ ಸೋಮವಾರದ ಸೊನ್ನೆ ಉಳಿಯಬೇಕೆಂದು ನಾನು ಕಾವಲು ಕೂತೆ.

ಸಭೆ ಬೈಲಹೊಂಗಲದಲ್ಲಿ, ಉಪವಿಭಾಗದ ಕಚೇರಿಯಲ್ಲಿ. ಸವದತ್ತಿಯ ಜೊತೆ ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳ ಸಾರಿಗೆ ವಿಷಯವೂ ಅವತ್ತೇ ಇತ್ತು. ಗಂಗವ್ವ ಬಂದಿದ್ದಳು. ಅವಳನ್ನು ಕರೆತಂದ ಮಕ್ತುಂಸಾಬ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದ. ಬಸ್ಸು ಬರದಿರಲಿ ಎಂದು ಹರಕೆ ಹೊತ್ತವನ ಹಾಗೆ ಅವನ ಮುಖ ಇತ್ತು, ಅಥವಾ ನನಗೆ ಹಾಗೆ ಕಂಡಿತು.

ಸಾರಿಗೆ ಅಧಿಕಾರಿ ಮೊದಲ ಪುಟವನ್ನೂ ತಿರುವಲಿಲ್ಲ. "ಎನ್‌ಜಿಒಗಳು ಜನರನ್ನು ತಂದು ನಿಲ್ಲಿಸ್ತಾರೆ ಸಾರ್, ನಮಗೆ ಗೊತ್ತಿಲ್ವಾ? ಪ್ರೊಫೆಸರ್ ಹೆಸರು ಹಾಕಿದ ಕೂಡಲೇ ಸತ್ಯ ಆಗುತ್ತಾ? ನಮ್ಮ ಸಿಬ್ಬಂದಿ ಸ್ವತಃ ಹೋಗಿ ಎಣಿಸಿದಾರೆ. ಸ್ಟಾಪಲ್ಲಿ ಒಂದು ನಾಯಿ ಬಿಟ್ರೆ ಒಬ್ಬರೂ ಇರ್ಲಿಲ್ಲ," ಎಂದರು.

ಆಗ ಸುಮಂಗಲಕ್ಕ ಎದ್ದು ನಿಂತರು.

"ಖರೇ ಐತ್ರಿ. ನಮಗೂ ವಾರಕ್ಕ ಒಂದು ದಿನ ಒಬ್ಬರೂ ಸಿಗಲಿಲ್ಲ. ಎರಡನೇ ಪುಟ ತಗೀರಿ, ಸೊನ್ನಿ ಹಾಕೇವಿ. ನೀವು ಯಾವ ವಾರ ಎಣಿಸಿದ್ರಿ?"

ಅಧಿಕಾರಿ ಪಕ್ಕದವರನ್ನು ಕೇಳಿದರು. ಪಕ್ಕದವರು ಫೈಲು ನೋಡಿ, "ಸೋಮವಾರ ಸರ್," ಅಂದರು.

"ವಾರದ ಮೊದಲ ವರ್ಕಿಂಗ್ ಡೇ. ಅದರಲ್ಲೇನು ತಪ್ಪು?" ಎಂದರು ಅಧಿಕಾರಿ.

ಹಿಂದಿನಿಂದ ಗಂಗವ್ವನ ದನಿ ಬಂತು. "ಸಾಹೇಬ್ರ, ಅವತ್ತ ನಮ್ಮ ಎತ್ತಿಗೂ ಸೂಟಿ. ಆ ನಾಯಿ ಒಂದ ಗೊತ್ತಿಲ್ದ ಬಂದಿತ್ತು."

ಸಭೆಯಲ್ಲಿದ್ದ ಸ್ಥಳೀಯ ನೌಕರರು ಮೊದಲು ನಕ್ಕರು. ಆಮೇಲೆ ಉಪವಿಭಾಗದ ಅಧಿಕಾರಿ ಎರಡೂ ಪುಟಗಳನ್ನು ಮೊದಲಿನಿಂದ ಓದಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಸ್ ಬೇಕು ಅಂತ ಕೇಳುವವರು ನಿಮ್ಮ ಕಾಗದದಲ್ಲಿ ಈ ಸೊನ್ನೆ ಯಾಕೆ ಬರೆದ್ರಿ?"

"ಈ ಸರ ಕೇಳಲಿಲ್ರಿ," ಎಂದು ಸುಮಂಗಲಕ್ಕ ನನ್ನ ಕಡೆ ಬೆರಳು ಮಾಡಿದರು. "ಎರಡು ವಾರ ನನ್ನ ಜೀವಾ ತಿಂದಾರ."

ಸೊನ್ನೆ ಬರೆದವರು ಉಳಿದ ದಿನಗಳನ್ನು ಉಬ್ಬಿಸಿರಲಾರರು ಎಂದು ಉಪವಿಭಾಗದವರಿಗೆ ಅನ್ನಿಸಿರಬೇಕು. ಬಸ್ಸನ್ನು ಮಂಗಳವಾರದಿಂದ ಭಾನುವಾರದವರೆಗೆ ಓಡಿಸಲು ಸಾರಿಗೆಯವರಿಗೆ ಅಲ್ಲಿಯೇ ಸೂಚನೆ ಕೊಟ್ಟರು. ಸುಮಂಗಲಕ್ಕ ಕೂರಲಿಲ್ಲ. ರಾಮದುರ್ಗದ ಕಡೆ ಮಗ್ಗದವರಿಗೆ ಅಮಾವಾಸ್ಯೆ ಸೂಟಿ, ಕಿತ್ತೂರು ಕಡೆ ಸಂತೆಯ ದಿನ ಆಳು ಸಿಗುವುದಿಲ್ಲ, ಒಂದೊಂದು ಊರಿಗೆ ಒಂದೊಂದು ವಾರ. ಕೂಲಿಯವರ ದಾರಿಯಲ್ಲಿ ಎಣಿಸುವಾಗ ಮೊದಲು ಊರಿನ ಸೂಟಿ ಯಾವತ್ತು ಎಂದು ಕೇಳಬೇಕು, ಆಮೇಲೆ ಇಡೀ ವಾರ ಎಣಿಸಬೇಕು ಎಂದು ಅಲ್ಲೇ ಹಠ ಹಿಡಿದರು. ಒಂದು ಬಸ್ಸಿಗಿಂತ ಇದು ದೊಡ್ಡದು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಹಂಗಾಮು ಮುಗಿಯುವ ಮೊದಲೇ ಬಸ್ಸು ಬಂತು, ಎಣಿಕೆಯ ಹೊಸ ಕ್ರಮ ಅದರ ಹಿಂದೆ ನಿಧಾನವಾಗಿ ಬಂತು, ನಾಲ್ಕೂ ತಾಲ್ಲೂಕುಗಳಿಗೆ. ಸಾರಿಗೆ ಅಧಿಕಾರಿ ಹೊರಗೆ ಮೆಟ್ಟಿಲ ಬಳಿ ನಮ್ಮನ್ನು ದಾಟಿ ಹೋಗುತ್ತ, "ಗೆದ್ವಿ ಅಂತ ಪೇಪರಲ್ಲಿ ಹಾಕ್ಕೋಬೇಡಿ," ಎಂದರು. ನಾವು ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕು ಎಂದು ಸುಮಂಗಲಕ್ಕ, ಬೇಡ ಎಂದು ನಾನು. ಆ ಜಗಳ ಇನ್ನೂ ಮುಗಿದಿಲ್ಲ.

ಈ ಕಥೆಯನ್ನು ನಿವೃತ್ತಿಯ ನಂತರ ನಾನು ಕೆಲವು ಕಡೆ ಭಾಷಣದಲ್ಲಿ ಹೇಳಿದ್ದೇನೆ. ಯಾವ ವಾರ ಎಣಿಸಿದಿರಿ ಎಂದು ಸಭೆಯಲ್ಲಿ ಎದ್ದು ಕೇಳಿದವನು ನಾನೇ ಎಂದು ಆ ಭಾಷಣಗಳಲ್ಲಿ ಹೇಳುತ್ತಿದ್ದೆ. ಹಾಗೆಂದೇ ನನಗೆ ನೆನಪಿತ್ತು. ನನ್ನ ದನಿ ಕೂಡ ನನಗೆ ಕೇಳಿಸುತ್ತಿತ್ತು. ಬರೆಯುವ ಮೊದಲು ಖಚಿತಪಡಿಸಿಕೊಳ್ಳೋಣವೆಂದು ಕಳೆದ ತಿಂಗಳು ಉಗರಗೋಳಕ್ಕೆ ಹೋದೆ. ಮಕ್ತುಂಸಾಬ ಈಗ ಟೆಂಪೋದಲ್ಲಿ ಉಳ್ಳಾಗಡ್ಡಿ ಚೀಲ ಸಾಗಿಸುತ್ತಾನೆ. ಮೊದಲಿನಷ್ಟು ಗಳಿಕೆ ಇಲ್ಲ. ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸಬೇಕಾದ ಕಾರಣವೂ ಇಲ್ಲ. ನನ್ನ ಪ್ರಶ್ನೆ ಕೇಳಿ ಜೋರಾಗಿ ನಕ್ಕ.

"ನೀವೆಲ್ಲಿ ಮಾತಾಡಿದ್ರಿ ಸಾಹೇಬ್ರ? ನೀವು ನೀರು ಕುಡ್ಯಾಕತ್ತಿದ್ರಿ. ಅಕ್ಕಾರ ಎದ್ರು. ನಾ ಬಾಗಲದಾಗ ನಿಂತು ನೋಡೀನಿ, ನನ್ನ ಅನ್ನ ಹೋದ ದಿನ ನನಗ ನೆನಪಿರೂದಿಲ್ಲೇನು?"

ಗಂಗವ್ವನೂ ಅದನ್ನೇ ಹೇಳಿದಳು. ಅದಕ್ಕೇ ಸಭೆಯ ಬಗ್ಗೆ ಮೇಲೆ ನಾನು ಬರೆದದ್ದು ಅವರಿಬ್ಬರ ನೆನಪು, ನನ್ನದಲ್ಲ.

ಸಹಭಾಗಿತ್ವ ಎಂದರೆ ಒಬ್ಬರಿಗೊಬ್ಬರು ಒತ್ತಾಸೆಯಾಗಿ ನಿಲ್ಲುವುದು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ಸರ್ಕಾರದ ಮುಂದೆ ಹೋಗುವ ಸಂಸ್ಥೆಗೆ ತನ್ನ ಮನೆಯೊಳಗೇ ಒಬ್ಬ ವಿರೋಧಿ ಬೇಕು. ಹೊರಗಿನವರು ಕೇಳುವ ಕೆಟ್ಟ ಪ್ರಶ್ನೆಯನ್ನು ಅವನು ಮೊದಲೇ ಕೇಳಿರಬೇಕು. ಹಾಗೆಯೇ ಸಂಶೋಧಕನಿಗೆ, 'ಇದು ಯಾರ ಸಲುವಾಗಿ' ಎಂದು ಬೆನ್ನು ಬಿಡದೆ ಕೇಳುವವರು ಬೇಕು. ಇಬ್ಬರಲ್ಲಿ ಯಾರು ಮೊದಲು ಒಪ್ಪಿಕೊಂಡುಬಿಟ್ಟರೂ ಆ ಕಾಗದ ಮೊದಲ ಸಭೆಯಲ್ಲೇ ಸಾಯುತ್ತದೆ. ಅವತ್ತು ಸುಮಂಗಲಕ್ಕನ ಬಾಯಲ್ಲಿ ಉತ್ತರ ಸಿದ್ಧವಿತ್ತು, ಏಕೆಂದರೆ ಅದೇ ವಿಷಯಕ್ಕೆ ಅವರು ನನ್ನ ಜೊತೆ ಜಗಳವಾಡಿ ಸೋತಿದ್ದರು.

ನಾನು ಉಗರಗೋಳಕ್ಕೆ ಹೋದದ್ದು ಸೋಮವಾರ. ಬಸ್ಸಿಲ್ಲದ ದಿನ ಸ್ಟಾಪು ಖಾಲಿ ಇರುವುದನ್ನು ಕಣ್ಣಾರೆ ನೋಡಬೇಕೆಂದು ಬೆಳಿಗ್ಗೆಯೇ ಹೋಗಿ ನಿಂತೆ. ಖಾಲಿ ಇರಲಿಲ್ಲ. ನಾಲ್ಕೈದು ಹೆಂಗಸರು ನಿಂತಿದ್ದರು, ಕೈಯಲ್ಲಿ ಕುರಪಿ, ಬುತ್ತಿಯ ಗಂಟು. ಹೊರಗಿನವರೊಬ್ಬರು ಆ ದಾರಿಯಲ್ಲಿ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಿದ್ದಾರಂತೆ, ಎತ್ತು ಕಟ್ಟಿಲ್ಲ, ಸೋಮವಾರವೂ ಕರೆಯುತ್ತಾರಂತೆ. ಸಿಕ್ಕ ಬೈಕು, ಟ್ರ್ಯಾಕ್ಟರ್ ಹಿಡಿದು ಹೋಗುತ್ತೇವೆ ಎಂದರು. ನಾನು ಕಾವಲು ಕೂತು ಉಳಿಸಿದ ಆ ಸೊನ್ನೆ ಈಗ ನಿಜವಾಗಿರಲಿಲ್ಲ. ಆದರೆ ಬಸ್ಸು ಅದರ ಮೇಲೆಯೇ ನಡೆಯುತ್ತಿತ್ತು.

ಅಲ್ಲಿಂದಲೇ ಸುಮಂಗಲಕ್ಕನಿಗೆ ಫೋನ್ ಮಾಡಿದೆ.

"ಸೋಮವಾರ ಮತ್ತ ಎಣಿಸಬೇಕ್ರಿ ಅಕ್ಕಾರ."

"ಗೊತ್ತೈತ್ರಿ. ಶುರು ಮಾಡೇವಿ. ನಿಮಗ ಹೇಳಿರಲಿಲ್ಲ."

"ಯಾಕ?"

"ಜಗಳ ತಗೀತೀರಿ ಅಂತ."

ಎಣಿಕೆ ಹೇಗೆ ಬರುತ್ತಿದೆ ಎಂದು ಕೇಳಿದೆ.

"ಎಣಿಕಿ ಭಾಳ ಛಲೋ ಬರಾಕತ್ತೇತ್ರಿ ಸರ," ಎಂದರು ಸುಮಂಗಲಕ್ಕ. "ನಮ್ಮಾಗ ಯಾರಿಗೂ ಸಂಶಯನ ಇಲ್ಲ. ಅದಕ್ಕ ಅಂಜಿಕಿ ಆಗೇತಿ. ಬಂದುಬಿಡ್ರಿ."